ಬಲಕ್ಕೆ ಹಚ್ಚುವ ತಮಗಾ

ಅಪ್ಪ ಪಲ್ಟನ್ ಬಿಟ್ಟು ಊರಿಗೆ ಬಂದಾಗ ನಾನು ನಾಲ್ಕನೇ ಕ್ಲಾಸಿನಲ್ಲಿದ್ದೆ. ಅಲ್ಲಿಯವರೆಗೂ ಅವನು ನನ್ನ ಪಾಲಿಗೆ ವರ್ಷಕ್ಕೊಮ್ಮೆ ರಜೆಯ ಮೇಲೆ ಬಂದು, ಕೈತುಂಬ ಅಕ್ರೋಟು ಕೊಟ್ಟು, ನಾನು ಹತ್ತಿರ ಹೋಗಲು ಧೈರ್ಯ ಮಾಡುವಷ್ಟರಲ್ಲಿ ಹೊರಟುಬಿಡುವ ಒಬ್ಬ ಮೀಸೆಯ ಮನುಷ್ಯ. ಈಗ ಅವನು ಕಾಯಂ ಆಗಿ ಬಂದಿದ್ದ. ಅವನನ್ನು ಹೇಗೆ ಇಟ್ಟುಕೊಳ್ಳಬೇಕೆಂದು ನಮ್ಮ ಮನೆಗೆ ತಿಳಿಯಲಿಲ್ಲ. ಅವ್ವ ತಟ್ಟೆಗೆ ರೊಟ್ಟಿ ಹಾಕಿದರೆ ಥ್ಯಾಂಕ್ಯೂ ಅನ್ನುತ್ತಿದ್ದ. ಅವ್ವ ನಾಚಿಕೊಂಡು ಒಲೆಯ ಕಡೆ ತಿರುಗುತ್ತಿದ್ದಳು. ಎದ್ದ ಕೂಡಲೇ ಕೌದಿಯನ್ನು ಮೂಲೆಗೆ ಮೂಲೆ ಕೂಡಿಸಿ ಎಷ್ಟು ಬಿಗಿಯಾಗಿ ಮಡಚಿಡುತ್ತಿದ್ದನೆಂದರೆ, ಅಪ್ಪನ ಅವ್ವ, ನಮ್ಮ ಆಯಿ, ಅದನ್ನು ಬೆರಳಿನಿಂದ ಒತ್ತಿ ನೋಡಿ, "ಇದೇನ್ ಕೌದಿನೋ ಇಟ್ಟಂಗಿನೋ" ಅನ್ನುತ್ತಿದ್ದಳು. ಹತ್ತಿ ಮಿಲ್ಲಿನಲ್ಲಿ ಕಾವಲಿನ ಕೆಲಸ ಸಿಕ್ಕಿತು. ಆದರೆ ಮನೆಯಲ್ಲಿ ಅವನ ಜಾಗವೆಂದರೆ ಪಡಸಾಲೆಯ ಹೊರಸು, ಆ ಹೊರಸಿನ ಕೆಳಗಿನ ಕರಿಯ ತಗಡಿನ ಟ್ರಂಕು, ಅಷ್ಟೇ.

ನಮ್ಮದು ಮಕ್ತಲದಿಂದ ಕೃಷ್ಣೆಯ ಕಡೆ ಹೋಗುವ ರಸ್ತೆಯ ಬದಿಯ ಊರು. ಕಲ್ಲಿನ ಗೋಡೆ, ಮೇಲೆ ಬಂಡೆ ಹಾಸಿದ ಮಾಳಿಗೆ. ಬೇಸಿಗೆಯಲ್ಲಿ ಮಧ್ಯಾಹ್ನ ಕಾದ ಮಾಳಿಗೆ ರಾತ್ರಿಯವರೆಗೂ ಬಿಸಿ ಬಿಡುತ್ತಿತ್ತು. ಪಡಸಾಲೆ ದಾಟಿದರೆ ನಡುಮನೆ, ಅದರಾಚೆ ಅಡಿಗೆಮನೆ, ಹಿಂದೆ ಖಾಲಿ ಬಿದ್ದ ಕುರಿದೊಡ್ಡಿ. ಮುತ್ಯಾ, ಆಯಿಯ ಗಂಡ, ತೀರಿಕೊಂಡ ಮೇಲೆ ಕುರಿಗಳನ್ನು ಮಾರಿದ್ದರು, ಆದರೂ ಮಳೆ ಬಿದ್ದ ದಿನ ದೊಡ್ಡಿಯ ನೆಲದಿಂದ ಹಿಕ್ಕಿಯ ವಾಸನೆ ಏಳುತ್ತಿತ್ತು. ಆ ವಾಸನೆಗೆ ನಾನು ಈಗಲೂ ಗದ್ವಾಲದ ಈ ಬಾಡಿಗೆ ಮನೆಯಲ್ಲಿ ಮೊದಲ ಮಳೆಯಲ್ಲಿ ಕಿಟಕಿ ತೆರೆದು ಕಾಯುತ್ತೇನೆ. ಬರುವುದಿಲ್ಲ. ರಸ್ತೆ ಅಗಲ ಮಾಡುವಾಗ ನಮ್ಮ ಪಡಸಾಲೆ ಹೋಯಿತು, ಉಳಿದದ್ದನ್ನು ನಾವೇ ಬಿಟ್ಟುಕೊಟ್ಟೆವು.

ಝಂಡಾ ಏರಿಸುವ ದಿನಗಳು ಹತ್ತಿರ ಬಂದಾಗ ಅಪ್ಪ ಟ್ರಂಕು ತೆಗೆಯುತ್ತಿದ್ದ. ನುಸಿಗುಳಿಗೆಯ ವಾಸನೆ ಪಡಸಾಲೆ ತುಂಬ ಹರಡುತ್ತಿತ್ತು. ಕೋಟು ಹೊರಸಿನ ಮೇಲೆ ಮಲಗಿದ ಮನುಷ್ಯನಂತೆ ಚಾಚಿಕೊಳ್ಳುತ್ತಿತ್ತು. ಆಮೇಲೆ ಬಿಳಿಯ ಅರಿವೆಯೊಳಗಿಂದ ತಮಗಾಗಳು ಹೊರಬರುತ್ತಿದ್ದವು. ಅವುಗಳಿಗೆ ಅವನ ಪಲ್ಟನ್ನಿನಲ್ಲಿ ಮೆಡಲ್ ಅನ್ನುತ್ತಿದ್ದರು, ನಮ್ಮ ಊರಲ್ಲಿ ತಮಗಾ. ಆಯಿಗೆ ಮಾತ್ರ ಅವು ಬಿಲ್ಲೆ, ಹಳೆಯ ಕಚೇರಿಯ ಜವಾನರು ಸೊಂಟದ ಪಟ್ಟಿಗೆ ಹಚ್ಚಿಕೊಳ್ಳುತ್ತಿದ್ದಂಥವು. ನಾನು ಹೊರಸಿನ ಕಾಲಿಗೆ ಒರಗಿ ಕೂತು ನೋಡುತ್ತಿದ್ದೆ. ಅಪ್ಪ ನನ್ನ ಜೊತೆ ಸಲೀಸಾಗಿ ಮಾತಾಡಿದ್ದು ಆ ಕೆಲಸದಲ್ಲೇ. ಮಗಳ ಹತ್ತಿರ ಏನು ಮಾತಾಡಬೇಕೆಂದು ತಿಳಿಯದ ಮನುಷ್ಯನಿಗೆ ತಮಗಾಗಳ ನಿಯಮಗಳು ಒಂದು ದಾರಿಯಾಗಿದ್ದವು.

"ಎಡಗಡಿ ಎದಿ ಮ್ಯಾಲೆ, ಜೇಬಿನ ಮ್ಯಾಗಡೆ. ಎಲ್ಲಾ ಒಂದೇ ಸಾಲಿನ್ಯಾಗ, ಒಂದೇ ಪಟ್ಟಿಗೆ ತೂಗಬೇಕು. ದೊಡ್ಡದು ಎದಿ ನಡುವಿನ ಕಡಿ, ಸಣ್ಣದು ತೋಳಿನ ಕಡಿ."

"ದಿನಾ ಹಾಕ್ಕೋಬೌದೇನಪ್ಪಾ?"

"ದಿನಾ ಬರೀ ಬಣ್ಣದ ರಿಬ್ಬನ್. ತಮಗಾ ಪರೇಡಿಗೆ ಅಷ್ಟೇ. ರಿಟೈರ್ ಆದ ಮ್ಯಾಲೆ ಝಂಡಾದ ದಿನ ಬಿಳಿ ಅಂಗಿ ಮ್ಯಾಲೆ ಹಚ್ಚಿಕೋಬೌದು. ಮದುವಿಗೆ, ಜಾತ್ರಿಗೆ, ಪಾರ್ಟಿ ಮೀಟಿಂಗಿಗೆ ಇಲ್ಲ."

ಮನೆಯಲ್ಲಿ ಇನ್ನೂ ಮೂರು ತಮಗಾಗಳಿದ್ದವು. ಅವು ಟ್ರಂಕಿನಲ್ಲಿರಲಿಲ್ಲ, ನಡುಮನೆಯ ದೇವರ ಗೂಡಿನಲ್ಲಿ ಮನೆದೇವರು ಬೀರಪ್ಪನ ಪಕ್ಕದಲ್ಲಿದ್ದವು. ಅಪ್ಪನ ಅಣ್ಣನವು. ನನ್ನ ದೊಡ್ಡಪ್ಪ ಮೈಲಾರಿ ಮೊದಲು ಪಲ್ಟನ್ನಿಗೆ ಸೇರಿದವನು, ಅವನನ್ನು ನೋಡಿ ಅಪ್ಪ ಸೇರಿದ್ದು. ನಾನು ಹುಟ್ಟುವ ಮೊದಲೇ ದೊಡ್ಡಪ್ಪ ಉತ್ತರದ ಹಿಮದ ಗುಡ್ಡವೊಂದರ ಮೇಲೆ ಗುಂಡು ತಗಲಿ ತೀರಿಕೊಂಡಿದ್ದ. ಅವನ ಸಾಮಾನು ಮನೆಗೆ ಬಂದ ದಿನ ಆಯಿ ಎರಡು ತಮಗಾಗಳನ್ನು ಎತ್ತಿ ಗೂಡಿನಲ್ಲಿಟ್ಟಳಂತೆ. ಅವನು ಸತ್ತ ಮೇಲೆ ಸರಕಾರ ಕೊಟ್ಟ ಮೂರನೆಯದನ್ನೂ ಅಲ್ಲಿಯೇ ಸೇರಿಸಿದಳು. ಪ್ರತಿ ರವಿವಾರ ಬೀರಪ್ಪನಿಗೆ ಭಂಡಾರ ಹಚ್ಚಿದ ಕೈಯಿಂದಲೇ ಅವುಗಳಿಗೂ ಹಚ್ಚುತ್ತಿದ್ದಳು. ರಿಬ್ಬನ್ನಿನ ಬಣ್ಣಗಳೆಲ್ಲ ಅರಿಶಿನದಲ್ಲಿ ಮುಳುಗಿಹೋಗಿದ್ದವು. ಅವುಗಳನ್ನು ಬೇರೆ ಯಾರೂ ಮುಟ್ಟುವಂತಿರಲಿಲ್ಲ. ಯಾರೂ ಎಂದರೆ, ದೊಡ್ಡವ್ವ ಮುಟ್ಟುವಂತಿರಲಿಲ್ಲ.

ದೊಡ್ಡವ್ವ ನೀಲಮ್ಮ, ದೊಡ್ಡಪ್ಪನ ಹೆಂಡತಿ, ನದಿಯಾಚೆ ರಾಯಚೂರು ಸೀಮೆಯವಳು. ಗಂಡ ಸತ್ತ ಮೇಲೆ ತವರಿನವರು ಕರೆಯಲು ಬಂದರೆ ಹೋಗಲಿಲ್ಲ. ಯಾಕೆ ಹೋಗಲಿಲ್ಲ ಎಂದು ನಾನು ದೊಡ್ಡವಳಾದ ಮೇಲೆ ಕೇಳಿದ್ದೆ. "ಅಲ್ಲಿ ಅವರ ಹೆಸರು ತಗಿಯೋರು ಯಾರೂ ಇದ್ದಿಲ್ಲವ್ವಾ," ಅಂದಿದ್ದಳು. ಆದರೆ ನಮ್ಮ ಮನೆಯಲ್ಲೂ ಯಾರೂ ಆ ಹೆಸರು ಎತ್ತುತ್ತಿರಲಿಲ್ಲ. ಆಯಿಯ ಮುಂದೆ ಎತ್ತಿದರೆ ಆಕೆ ಊಟ ಬಿಟ್ಟು ಏಳುತ್ತಿದ್ದಳು. ಒಬ್ಬನಿಗಾಗಿ ಅಳುವ ಇಬ್ಬರು ಹೆಂಗಸರು ಒಂದೇ ಒಲೆಯ ಎರಡು ಬದಿಗೆ ಕೂತು, ಉಪ್ಪು ಕೊಡು, ನೀರು ಇಡು ಎಂಬುದರಾಚೆ ಮಾತಿಲ್ಲದೆ ಅಷ್ಟು ವರ್ಷ ಕಳೆದಿದ್ದರು. ಆಯಿಯ ಲೆಕ್ಕದಲ್ಲಿ ಮಗ ಆಕೆಯವನು. ಸೊಸೆ ಸ್ವಲ್ಪ ದಿನ ಬಂದುಹೋದವಳು. ನಾನು ಮಲಗುತ್ತಿದ್ದದ್ದು ದೊಡ್ಡವ್ವನ ಕೌದಿಯಲ್ಲಿ. ಶಾಲೆಯಲ್ಲಿ ನನಗೆ ಕಲಿಸಿದ್ದು ತೆಲುಗು. ಈಗ ಬರೆಯುತ್ತಿರುವ ಈ ಕನ್ನಡದ ಅಕ್ಷರಗಳನ್ನು ದೊಡ್ಡವ್ವ ದೊಡ್ಡಿಯ ಬಂಡೆಗಲ್ಲಿನ ಮೇಲೆ ಸುಣ್ಣದ ಕಡ್ಡಿಯಿಂದ ಬರೆದು ತಿದ್ದಿಸಿದಳು. ಎರಡೂ ಭಾಷೆಯ ಅಕ್ಷರ ಅಕ್ಕತಂಗಿಯರಂತೆ ಕಾಣುತ್ತವೆ, ತಲಕಟ್ಟು ನೋಡಿ ಗುರುತು ಹಿಡಿ ಅನ್ನುತ್ತಿದ್ದಳು. ಅವಳ ಬೆರಳು ನನ್ನ ಬೆರಳಿನ ಮೇಲೆ ಇರುತ್ತಿದ್ದ ಬಿಸಿ ನನಗೆ ಈಗಲೂ ಬೇಕಾಗುತ್ತದೆ.

ಆ ವರ್ಷಗಳಲ್ಲಿ ತೆಲಂಗಾಣದ ಚಳವಳಿ ಜೋರಾಗಿತ್ತು. ಶಾಲೆಗಳು ವಾರಗಟ್ಟಲೆ ಮುಚ್ಚಿರುತ್ತಿದ್ದವು, ಬಸ್ಸುಗಳು ನಿಲ್ಲುತ್ತಿದ್ದವು. ಒಂದು ದಿನ ಮಕ್ತಲದ ಹುಡುಗರು ನಮ್ಮ ಪಡಸಾಲೆಗೆ ಬಂದು, ಪಲ್ಟನ್ನಿನ ವರ್ದಿ, ಆ ಕೋಟು, ಹಾಕಿ ತಮಗಾ ಹಚ್ಚಿಕೊಂಡು ಧರಣಿ ಕೂತ ದೀಕ್ಷೆಯ ಟೆಂಟಿನಲ್ಲಿ ಕೂಡಬೇಕೆಂದು ಅಪ್ಪನನ್ನು ಕೇಳಿದರು. ಫೌಜಿನವನು ಮುಂದಿದ್ದರೆ ಪೊಲೀಸರು ಲಾಠಿ ಎತ್ತುವುದಿಲ್ಲ ಎಂಬುದು ಅವರ ಆಸೆ.

"ತಮಗಾ ಅಂದ್ರ ಲಾಠಿ ತಡಿಯೋ ಢಾಲು ಅಲ್ಲಪ್ಪಾ," ಅಪ್ಪ ಅಂದ. "ವರ್ದಿ ಅಲ್ಲಿಗೆ ತರಾಕ ಬರಂಗಿಲ್ಲ. ನಾ ಬರ್ತೀನಿ, ನಡೀರಿ."

ಲುಂಗಿ ಉಟ್ಟು, ಹೆಗಲಿಗೆ ಟವೆಲ್ ಹಾಕಿ ಹೋಗಿ ಎಲ್ಲರ ನಡುವೆ ಕೂತ. ಮುಂದೊಂದು ದಿನ ರಸ್ತೆ ತಡೆದು ರಸ್ತೆಯ ಮೇಲೆಯೇ ಅಡಿಗೆ ಮಾಡುವ ಕಾರ್ಯಕ್ರಮವಿತ್ತು, ವಂಟಾ ವಾರ್ಪು. ಊರ ಹೆಂಗಸರೆಲ್ಲ ಹೊರಟರು. ದೊಡ್ಡವ್ವ ಹಿಟ್ಟಿನ ಬುಟ್ಟಿ ಹೊತ್ತು ಅವರ ಹಿಂದೆ ಹೋದಳು. ಆಯಿ ಹೊಸ್ತಿಲಲ್ಲಿ ನಿಂತು, "ಯಾರನ್ನ ಕೇಳಿ ಹೊಂಟಿ?" ಅಂದಳು. ದೊಡ್ಡವ್ವ ತಿರುಗಿ ನೋಡಲಿಲ್ಲ. ಲಾರಿಗಳು ಉದ್ದಕ್ಕೆ ನಿಂತ ಆ ಡಾಂಬರು ರಸ್ತೆಯಲ್ಲಿ ಮೂರು ಕಲ್ಲು ಹೂಡಿ ಆಕೆ ರೊಟ್ಟಿ ಬಡಿದದ್ದನ್ನು, ಬಿಸಿಲಿಗೆ ಮುಖ ಕೆಂಪಾಗಿ ಯಾರದೋ ಮಾತಿಗೆ ಬಾಯಿ ತೆರೆದು ನಕ್ಕಿದ್ದನ್ನು ನಾನು ನೋಡಿದೆ. ಮನೆಯಲ್ಲಿ ಆಕೆ ಹಾಗೆ ನಕ್ಕಿದ್ದು ನನಗೆ ನೆನಪಿಲ್ಲ.

ಕಡೆಗೆ ತೆಲಂಗಾಣ ಆಯಿತು. ಹೊಸ ರಾಜ್ಯದ ಮೊದಲ ಝಂಡಾ ಏರಿಸುವ ದಿನ ಮಕ್ತಲದ ಮೈದಾನದಲ್ಲಿ ಸತ್ತ ಸೈನಿಕರ ಮನೆಯವರಿಗೆ ಸನ್ಮಾನವೆಂದು ಗೊತ್ತುಮಾಡಿದರು. ಕಚೇರಿಯ ಒಬ್ಬ ಮನುಷ್ಯ ಬಂದು, ದೊಡ್ಡಪ್ಪನ ತಮಗಾ ಹಚ್ಚಿಕೊಂಡು ಮನೆಯವರು ಯಾರಾದರೂ ಒಬ್ಬರು ಬರಬೇಕೆಂದು ಹೇಳಿಹೋದ. ಅವನು ಹೋದ ಮೇಲೆ ಆಯಿ ಗೂಡಿನ ಕಡೆ ನೋಡುತ್ತಲೇ, ಆ ದೇವರ ಹೆಸರನ್ನೇ ಹೊತ್ತ ಅಪ್ಪನಿಗೆ, "ನಾ ಹೋಗ್ತೀನಿ. ಬೀರಾ, ಬಂಡಿನೋ ಆಟೋನೋ ನೋಡು," ಅಂದಳು. ದೊಡ್ಡವ್ವ ಪುಂಡಿಪಲ್ಯ ಸೋಸುತ್ತಿದ್ದಳು. ಕೈ ನಿಲ್ಲಿಸಿದಳು.

"ನಾ ಹಚ್ಚಿಕೋತೀನ್ರೀ ಅತ್ತಿ."

ಆಕೆ ಆಯಿಗೆ ಎದುರಾಡಿದ್ದು ಅದೇ ಮೊದಲು. ನಡುಮನೆಯಲ್ಲಿ ನಾನು, ಅವ್ವ, ಅಪ್ಪ ಎಲ್ಲರೂ ಇದ್ದೆವು.

"ನಾ ಹೆತ್ತೀನಿ ಅವನ್ನ," ಆಯಿ ಅಂದಳು.

"ನಾನೂ ಇಷ್ಟು ವರ್ಷ ಈ ಮನ್ಯಾಗ ಅವರ ಹೆಸರಿನ ಮ್ಯಾಲೇ ಕುಂತೀನಲ್ರೀ. ಒಂದ್ ದಿನಕ್ಕ ಕೇಳಾಕತ್ತೀನಿ, ಒಂದ್ ದಿನಕ್ಕ."

"ನೀ ಕುಂತಿದ್ದು ನಾ ಕುಂಡ್ರಿಸಿಕೊಂಡಿದ್ದಕ್ಕ."

ಅವ್ವ ದೊಡ್ಡವ್ವನ ತೋಳು ಹಿಡಿದಳು. ಆಯಿ ಅಪ್ಪನ ಕಡೆ ತಿರುಗಿ, "ನಿಮ್ಮ ಪಲ್ಟನ್ನಿನ ಕಾಯ್ದಾ ಏನೈತಿ, ಹೇಳೋ," ಅಂದಳು. ಎಲ್ಲದಕ್ಕೂ ನಿಯಮ ಗೊತ್ತಿದ್ದ ಅಪ್ಪ ತನ್ನ ಎದೆಯ ಎಡಬದಿ ಮುಟ್ಟಿ ತೋರಿಸಿದ.

"ಗಳಿಸಿದಂವಾ ಎಡಕ್ಕ ಹಚ್ಚಿಕೋತಾನ. ಅಂವ ಇಲ್ಲದಾಗ ಮನಿಯವರು ಬಲಕ್ಕ ಹಚ್ಚಿಕೋಬೌದು. ಎಡಗಡಿ ಅವಂದೇ, ಖಾಲಿ ಬಿಡಬೇಕು."

"ಮನಿಯವರು ಅಂದ್ರ? ತಾಯೋ ಹೆಂಡತಿಯೋ?"

"ಅದು ನನಗ ಯಾರೂ ಕಲಿಸಿಲ್ಲ ಯವ್ವಾ. ಎದಿ ಯಾವ ಕಡಿ ಅಂತ ಐತಿ, ಯಾರ ಎದಿ ಅಂತ ನಾ ಕೇಳಿಲ್ಲ."

"ಇಬ್ಬರಿಗೂ ಹಂಚು," ಅವ್ವ ಮೆಲ್ಲಗೆ ಅಂದಳು. ಅಪ್ಪ ತಲೆಯಾಡಿಸಿದ. ಒಬ್ಬ ಮನುಷ್ಯನ ತಮಗಾಗಳನ್ನು ಒಡೆಯಬಾರದು, ಸಾಲು ಸಾಲಾಗಿಯೇ ಇರಬೇಕು. ದೊಡ್ಡವ್ವ ಪುಂಡಿಯ ಸೊಪ್ಪನ್ನು ಮತ್ತೆ ಕೈಗೆ ತೆಗೆದುಕೊಂಡಳು. "ಅತ್ತಿಯವರೇ ಹಚ್ಚಿಕೊಳ್ಳಲಿ," ಅಂದಳು. ಆ ದಿನ ಪಲ್ಯಕ್ಕೆ ಉಪ್ಪೇ ಬಿದ್ದಿರಲಿಲ್ಲ. ಹಾಗೇ ತಿಂದೆವು.

ಝಂಡಾದ ಹಿಂದಿನ ದಿನ ಮಧ್ಯಾಹ್ನ ಆಯಿ ತಾನೇ ಗೂಡಿನಿಂದ ತಮಗಾಗಳನ್ನು ಇಳಿಸಿ ಅಪ್ಪನ ಕೈಗಿಟ್ಟಳು. ಅವನು ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ಅಕ್ಷರಗಳ ಸಂದಿಯ ಭಂಡಾರ ಬಿಡಿಸಿದ. ಮುಟ್ಟಿದರೆ ರಿಬ್ಬನ್ನುಗಳು ಎಳೆಎಳೆಯಾಗಿ ಬರುತ್ತಿದ್ದವು. ಅವನು ಟ್ರಂಕು ಎಳೆದು ತನ್ನ ತಮಗಾಗಳನ್ನು ತೆಗೆದ. ಅಣ್ಣತಮ್ಮರಿಬ್ಬರಿಗೂ ಒಂದೇ ಥರದವು ಎರಡು ಇದ್ದವು. ತನ್ನವುಗಳ ರಿಬ್ಬನ್ ಬಿಚ್ಚಿ ಅಣ್ಣನವಕ್ಕೆ ಹಾಕಿದ. ಮೂರನೆಯದರ ರಿಬ್ಬನ್ ಅವನ ಹತ್ತಿರ ಇರಲಿಲ್ಲ. ಅದನ್ನು ಅವ್ವ ಅಂಟವಾಳದ ನೊರೆಯಲ್ಲಿ ಅದ್ದಿ ಅದ್ದಿ ತೊಳೆದು, ಹಿಂದಿನಿಂದ ಬಿಳಿಯ ಅರಿವೆ ಕೊಟ್ಟು ಹೊಲಿದಳು.

"ನಾಳಿಗಿ ನೀ ಏನ್ ಹಚ್ಚಿಕೋತಿ?" ನಾನು ಕೇಳಿದೆ.

"ನಾ ಬಿಳಿ ಅಂಗಿ ಹಾಕ್ಕೋತೀನಿ," ಅಂದ.

ಮರುದಿನ ಮುಂಜಾನೆ ಆಯಿ ತಲೆಗೆ ಎಣ್ಣೆ ಹಚ್ಚಿ, ನಾರಾಯಣಪೇಟೆಯ ಹಸಿರು ಚೌಕಳಿಯ ಸೀರೆ ಉಟ್ಟು ನಡುಮನೆಯಲ್ಲಿ ನಿಂತಳು. ಅಪ್ಪ ತಮಗಾದ ಪಟ್ಟಿ ಹಿಡಿದು ಎದುರು ನಿಂತ. ಅಲ್ಲಿಗೇ ಅವನ ನಿಯಮ ಮುಗಿಯಿತು. ಜೇಬಿನ ಮೇಲೆ ಹಚ್ಚಬೇಕು, ಸೀರೆಗೆ ಜೇಬಿಲ್ಲ. ಆಯಿಯ ಸೆರಗು ತಲೆಯ ಮೇಲಿಂದ ಬಂದು ಬಲಭುಜವನ್ನೆಲ್ಲ ಮುಚ್ಚಿತ್ತು. ಅದರ ಮೇಲೆ ಚುಚ್ಚಿದ, ಭಾರಕ್ಕೆ ಸೆರಗು ತಲೆಯಿಂದ ಜಾರಿತು. ತೆಗೆದು ಮೇಲೆ ಚುಚ್ಚಿದ, ತಮಗಾಗಳು ಒಂದರ ಮೇಲೊಂದು ಬಿದ್ದು ಮಗುಚಿಕೊಂಡವು. ದೊಡ್ಡವ್ವ ಅಡಿಗೆಮನೆಯ ಬಾಗಿಲಲ್ಲಿ ಇದನ್ನೆಲ್ಲ ನೋಡುತ್ತಿದ್ದಳು. ಇನ್ನು ತಡೆಯಲಾರದೆ ಬಂದಳು.

"ಬರೀ ಸೆರಗು ತಡಿಯಂಗಿಲ್ಲ ಬೀರಪ್ಪಾ. ಕೆಳಗಿನ ಕುಪ್ಪಸಾನೂ ಸೇರಿಸಿ ಚುಚ್ಚಬೇಕು, ಒಳಗೊಂದು ದಪ್ಪನ್ನ ಅರಿವಿ ಇಟ್ಟು. ಕೋಟಿಗೂ ಹಂಗೇ ಇಟ್ಟು ಹಚ್ಚತಿದ್ದೆ."

"ಯಾರ ಕೋಟಿಗೆ?" ಆಯಿ ಕೇಳಿದಳು.

"ನಿಮ್ಮ ಮಗನ ಕೋಟಿಗ್ರೀ."

ದೊಡ್ಡವ್ವ ಮದುವೆಯಾದ ಹೊಸದರಲ್ಲಿ ಒಂದಿಷ್ಟು ಕಾಲ ಗಂಡನ ಜೊತೆ ಪಲ್ಟನ್ನಿನ ಕ್ವಾರ್ಟರ್ಸಿನಲ್ಲಿದ್ದದ್ದು ಎಲ್ಲರಿಗೂ ಗೊತ್ತಿತ್ತು. ಅಲ್ಲಿ ಹೇಗಿದ್ದರೆಂದು ಯಾರೂ ಕೇಳಿರಲಿಲ್ಲ. ನಮ್ಮ ಗೋಡೆಯ ಮೇಲೆ ದೊಡ್ಡಪ್ಪನದು ಒಂದೇ ಫೋಟೋ ಇತ್ತು; ಪಲ್ಟನ್ನಿಗೆ ಸೇರುವಾಗ ತೆಗೆಸಿದ್ದು, ಮೀಸೆ ಚಿಗುರದ, ಕತ್ತಿನ ತನಕ ಮಾತ್ರ ಕಾಣುವ ಮುಖ.

"ನಾ ಅವನ್ನ ಆ ವರ್ದ್ಯಾಗ ನೋಡೇ ಇಲ್ಲ," ಆಯಿ ಅಂದಳು. "ಹೆಂಗ ಕಾಣತಿದ್ನೇ?"

ದೊಡ್ಡವ್ವ ಅಪ್ಪನ ಕೈಯಿಂದ ಪಟ್ಟಿ ತೆಗೆದುಕೊಂಡಳು. ಅದನ್ನು ಹಿಡಿದೇ ಹೇಳಿದಳು.

"ಎತ್ತರ ಕಾಣತಿದ್ರು. ನನಗ ಕೈ ನಿಲುಕತಿದ್ದಿಲ್ಲ, ಪೆಟ್ಟಿಗಿ ಮ್ಯಾಲೆ ನಿಂದ್ರತಿದ್ದೆ. ಹಚ್ಚಿ ಮುಗಿಯೋ ತನಕ ಉಸಿರು ಬಿಡತಿದ್ದಿಲ್ಲ, ಸಾಲು ಸೊಟ್ಟ ಆಗತೈತಿ ಅಂತ. ಮೆಟ್ಟಲು ಇಳಿಯೋವಾಗ ಒಂದು ಕೈ ಹಿಂಗ ಎದಿ ಮ್ಯಾಲೆ ಮುಚ್ಚಿಕೊಂಡು ಇಳೀತಿದ್ರು. ಯಾಕಂದ್ರ ಇವು ಠಣಠಣ ಅಂತಾವ್ರೀ, ಬಾಜೂ ಮನೀ ಕೂಸು ಏಳತೈತಿ ಅಂತ."

ಆಯಿ ಕಂಬಕ್ಕೆ ಒರಗಿದಳು. ದೊಡ್ಡವ್ವ ಪಟ್ಟಿಯನ್ನು ಹೊರಳಿಸಿ ಬೆಳಕಿಗೆ ಹಿಡಿದಳು.

"ಆವಾಗ ಎರಡೇ ಇದ್ವು. ಇದು ಮುಂದ ಹ್ಯಾಂಗ ಬಂತು ಬೀರಪ್ಪಾ? ಆಮ್ಯಾಲೆ ಬಂದದ್ದು ಕಡೀಕ ಇರಬೇಕಲ್ಲ?"

"ಇದು ಎಲ್ಲಕ್ಕಿಂತ ದೊಡ್ಡದು ವೈನಿ," ಅಪ್ಪ ಅಂದ. "ಜೀವ ಕೊಟ್ಟಿದ್ದಕ್ಕ ಬಂದದ್ದು. ಅದಕ್ಕ ಮುಂದ."

"ಇದನ್ನ ಅವರು ನೋಡೇ ಇಲ್ಲ," ಅಂದಳು ದೊಡ್ಡವ್ವ. ಆ ಮನೆಯಲ್ಲಿ ಅಷ್ಟು ವರ್ಷಗಳಲ್ಲಿ ಆಯಿ ಮತ್ತು ದೊಡ್ಡವ್ವ ಒಬ್ಬರ ಮುಂದೊಬ್ಬರು ಅತ್ತಿದ್ದು ಆಗಲೇ. ಜೋರಾಗಿ ಅಲ್ಲ. ಆಯಿ ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡಿದ್ದಳು. ಅಪ್ಪ ಮುಖ ತಿರುಗಿಸಿ ದೊಡ್ಡಿಯ ಕಡೆಗೆ ಹೋದ. ಹೊರಗೆ ಆಟೋದವನು ಹಾರ್ನು ಬಾರಿಸಿದ. ಆಯಿ ಕಣ್ಣು ಒರೆಸಿಕೊಂಡು, ಯಾವುದೋ ದಿನದ ಕೆಲಸ ಹೇಳುವವಳಂತೆ ಅಂದಳು:

"ನೀ ಹಚ್ಚಿಕೋ ನಡಿ. ನಿನಗ ಹಚ್ಚೋದು ಗೊತ್ತೈತಿ. ನಾ ನೋಡ್ತೀನಿ."

ಮೈದಾನದಲ್ಲಿ ಬಿಸಿಲು, ಧೂಳು, ಚಳವಳಿಯ ಗುಲಾಬಿ ಬಣ್ಣ ಎರಚಿಕೊಂಡ ಹುಡುಗರು, ಡೋಲು. ದೊಡ್ಡಪ್ಪನ ಹೆಸರನ್ನು ತೆಲುಗಿನಲ್ಲಿ ಮೈಕಿನೊಳಗೆ ಕೂಗಿದಾಗ ಅದು ಅಷ್ಟು ದೊಡ್ಡ ಬಯಲಲ್ಲಿ ಎರಡು ಸಲ ಕೇಳಿಸಿತು. ದೊಡ್ಡವ್ವ ಎದ್ದು ಹೋದಳು. ಬಲಗಡೆ ಮೂರು ತಮಗಾಗಳು ಒಂದೇ ಸಾಲಿನಲ್ಲಿ ತೂಗುತ್ತಿದ್ದವು. ವೇದಿಕೆಯ ಮೇಲಿದ್ದವರು ಶಾಲು ಹೊದಿಸಲು ಬಂದಾಗ ಅದು ಬಲಭುಜದ ಮೇಲೆ ಬೀಳದಂತೆ ಆಕೆ ಸ್ವಲ್ಪ ಪಕ್ಕಕ್ಕೆ ತಿರುಗಿ ನಿಂತಳು. ಕೆಳಗೆ ಬಿಳಿ ಅಂಗಿಯ ಅಪ್ಪ ನೆಟ್ಟಗೆ ನಿಂತು ಸೆಲ್ಯೂಟ್ ಹೊಡೆದ. ಅಣ್ಣನಿಗೆ ಹೊಡೆದನೋ ಅತ್ತಿಗೆಗೋ, ನಾನು ಕೇಳಲಿಲ್ಲ. ಆಯಿ ಕಣ್ಣಿಗೆ ಕೈ ಅಡ್ಡ ಹಿಡಿದು, ಪಕ್ಕದಲ್ಲಿ ಕೂತ ಗುರುತಿಲ್ಲದ ಹೆಂಗಸಿಗೆ, "ಆಕಿ ನಮ್ಮ ಸೊಸಿ," ಅನ್ನುತ್ತಿದ್ದಳು.

ಇಬ್ಬರೂ ಈಗಿಲ್ಲ. ಆಯಿ ಮೊದಲು ಹೋದಳು, ಕಡೆಯ ದಿನಗಳಲ್ಲಿ ನೀಲಮ್ಮನನ್ನು ಕರೀರಿ ಎನ್ನುತ್ತ ಬೇರೆಯವರ ಕೈಯಿಂದ ನೀರೂ ಕುಡಿಯಲಿಲ್ಲ. ದೊಡ್ಡವ್ವ ಅವಳ ನಂತರ ಕೆಲವು ವರ್ಷ ನನ್ನ ಜೊತೆ ಗದ್ವಾಲದಲ್ಲೇ ಇದ್ದಳು. ಆದರೆ ನನಗೆ ಆ ಮನೆ ನೆನಪಾದಾಗ ಬರುವುದು ಆ ದಿನದ ಮಧ್ಯಾಹ್ನವೇ. ಆಟೋ ಇಳಿದು ಬಂದು ನಾವೆಲ್ಲ ನಡುಮನೆಯಲ್ಲಿ ಕಾಲು ಚಾಚಿ ಕೂತಿದ್ದೆವು, ಅಡಿಗೆಯ ನೆನಪೇ ಯಾರಿಗೂ ಇರಲಿಲ್ಲ. ಆಯಿ ಕೇಳುತ್ತಲೇ ಇದ್ದಳು, ಏನು ಉಣ್ಣುತ್ತಿದ್ದ, ಯಾವಾಗ ಏಳುತ್ತಿದ್ದ, ಚಳಿಗೆ ಏನು ಹೊದೆಯುತ್ತಿದ್ದ. ದೊಡ್ಡವ್ವ ಹೇಳುತ್ತಲೇ ಇದ್ದಳು. ಕಡೆಗೆ ಆಯಿ ದನಿ ತಗ್ಗಿಸಿ ಕೇಳಿದಳು:

"ನನ್ನ ಮಾತು ಎಂದರ ತಗೀತಿದ್ನೇನ?"

"ವರ್ದ್ಯಾಗ ಇದ್ದಾಗ ಯಾರ ಮಾತೂ ಇಲ್ರೀ," ದೊಡ್ಡವ್ವ ಅಂದಳು. "ಅದನ್ನ ಬಿಚ್ಚಿಟ್ಟು ಉಣ್ಣಾಕ ಕುಂತ್ರ ನಿಮ್ಮ ರೊಟ್ಟೀದೇ ಮಾತು. ನಾ ಎಷ್ಟ್ ತೆಳ್ಳಗ ಬಡಿದ್ರೂ ನಮ್ಮವ್ವನಂಗ ಆಗಿಲ್ಲ ಅಂತಿದ್ರು. ನನಗ ಸಿಟ್ಟು ಬರತಿತ್ತು."

ಆಯಿ ನಕ್ಕಳು. ಗೋಡೆ ಹಿಡಿದು ಎದ್ದು ಅಡಿಗೆಮನೆಗೆ ಹೋದಳು. ಮಗ ಸತ್ತ ಮೇಲೆ ಆಕೆ ಒಲೆಯ ಮುಂದೆ ಕೂತು ರೊಟ್ಟಿ ಬಡಿದಿದ್ದಿಲ್ಲವಂತೆ. ನಾನಂತೂ ನೋಡಿದ್ದು ಅದೇ ಮೊದಲು. ಅವ್ವ ಹಿಟ್ಟು ನಾದಿಕೊಡಲು ಹೋದರೆ ಬೇಡವೆಂದಳು. ಕೈಗೆ ಅಭ್ಯಾಸ ತಪ್ಪಿತ್ತು, ಹಂಚು ಸರಿಯಾಗಿ ಕಾದಿರಲಿಲ್ಲ. ಮೊದಲ ರೊಟ್ಟಿ ಅಂಚು ಹರಿದು, ಒಂದು ಕಡೆ ಹಸಿ, ಒಂದು ಕಡೆ ಕರಕಲಾಗಿ ಎದ್ದಿತು. ಅದನ್ನು ತಂದು ದೊಡ್ಡವ್ವನ ತಟ್ಟೆಗೆ ಹಾಕಿದಳು. ದೊಡ್ಡವ್ವ ಪಲ್ಯಕ್ಕೂ ಕಾಯಲಿಲ್ಲ, ಎದೆಯ ತಮಗಾಗಳನ್ನೂ ತೆಗೆದಿಡಲಿಲ್ಲ. ಬರೀ ರೊಟ್ಟಿಯನ್ನು ಮುರಿದು ತಿಂದಳು.

"ಹೌದ್ರೀ ಅತ್ತಿ," ಅಂದಳು. "ಅವರು ಹೇಳಿದ್ದು ಖರೇನೇ ಐತಿ."